ದುಡ್ಡಿನ ಚಿಂತೆ ಮನಸ್ಸಿನ ದೌರ್ಬಲ್ಯವೇ? ಗಾರ್ಮೆಂಟ್ಸ್ ಕಾರ್ಮಿಕರ ಸಂಬಳ, ಸಾಲ, ನೆಮ್ಮದಿಯ ಬಗ್ಗೆ ಅಧ್ಯಯನಗಳು ಹೇಳುವುದೇನು?

“ಟೆನ್ಷನ್, ಡಿಪ್ರೆಶನ್ ಎಲ್ಲ ಎಸಿ ರೂಮಿನಲ್ಲಿ ಕೂತವರ ಕಾಯಿಲೆ. ಮೈ ಬಗ್ಗಿಸಿ ದುಡಿಯುವವರಿಗೆ ತಲೆ ಇಟ್ಟರೆ ನಿದ್ದೆ.” ಈ ಅರ್ಥ ಬರುವ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರ ಜೊತೆಗೆ ಇನ್ನೂ ಎರಡು ಮಾತು ಓಡಾಡುತ್ತವೆ. “ಹಾಸಿಗೆ ಇದ್ದಷ್ಟು ಕಾಲು ಚಾಚಿದರೆ ಸಾಲದ ಗೊಡವೆಯೇ ಇರುವುದಿಲ್ಲ” ಎನ್ನುವುದು ಒಂದು. “ಮನಸ್ಸು ಗಟ್ಟಿ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ” ಎನ್ನುವುದು ಇನ್ನೊಂದು.

ಈ ಮೂರೂ ಮಾತುಗಳನ್ನು ನಾವು ಒಂದು ನಿರ್ದಿಷ್ಟ ಗುಂಪಿನ ಬದುಕಿನ ಎದುರಿಟ್ಟು ನೋಡಿದ್ದೇವೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ರಾಮನಗರ, ಮದ್ದೂರು ಕಡೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರು ಇವರು. ಹೆಚ್ಚಿನವರು ಮಹಿಳೆಯರು.

ಚಿಕ್ಕದಾಗಿ ಹೇಳುವುದಾದರೆ, ಮೂರು ಮಾತಲ್ಲಿ ಒಂದೂ ಪೂರ್ತಿ ನಿಜವಲ್ಲ. ಮೊದಲನೆಯದಂತೂ ತಲೆಕೆಳಗು. ಹಣದ ಕೊರತೆ ಇರುವವರಲ್ಲೇ ಖಿನ್ನತೆ ಮತ್ತು ಆತಂಕ ಹೆಚ್ಚು.

ಮೊದಲು ಒಂದು ತಿಂಗಳ ಲೆಕ್ಕ

ಲೆಕ್ಕ ಹಾಕದೆ ಈ ವಿಷಯ ಅರ್ಥವಾಗುವುದಿಲ್ಲ. ಕೆಳಗಿನದು ನಾವು ತಿಳಿವಳಿಕೆಗಾಗಿ ಮಾಡಿಕೊಂಡ ಉದಾಹರಣೆ, ಯಾರದೋ ಒಬ್ಬರ ಮನೆಯ ಲೆಕ್ಕವಲ್ಲ.

ಪಿಎಫ್, ಇಎಸ್‌ಐ ಕಳೆದು ಕೈಗೆ ಬರುವ ಸಂಬಳ 13,000 ರೂಪಾಯಿ ಎಂದುಕೊಳ್ಳೋಣ. ಮನೆ ಬಾಡಿಗೆ, ಕರೆಂಟು, ನೀರು ಸೇರಿ 4,500. ದಿನಸಿ, ಹಾಲು, ಗ್ಯಾಸ್ 4,000. ಮಕ್ಕಳ ಶಾಲೆ ಖರ್ಚು 1,500. ಎರಡು ಸಂಘದ ಸಾಲದ ಕಂತು 2,200. ಒಟ್ಟು 12,200 ಆಯಿತು. ಉಳಿದದ್ದು 800 ರೂಪಾಯಿ.

ಈಗ ಮಗುವಿಗೆ ಜ್ವರ ಬಂತು, ಎರಡು ದಿನ ರಜೆ ಹಾಕಬೇಕಾಯಿತು ಎನ್ನಿ. ಸಂಬಳದ ರಜೆ ಉಳಿದಿಲ್ಲದಿದ್ದರೆ 26 ದಿನದ ಲೆಕ್ಕದಲ್ಲಿ ದಿನಕ್ಕೆ 500ರಂತೆ 1,000 ರೂಪಾಯಿ ಕಡಿತ. ಡಾಕ್ಟರ ಫೀಸು, ಔಷಧಿಗೆ ಒಂದು ರೂಪಾಯಿ ಕೊಡುವ ಮೊದಲೇ ತಿಂಗಳು 200 ರೂಪಾಯಿ ಹಿಂದೆ ಬಿತ್ತು. ಊರಿನಲ್ಲಿ ಒಂದು ಮದುವೆ, ಒಂದು ಹಬ್ಬ, ಮನೆ ಮಾಲೀಕರು ಏರಿಸಿದ ಬಾಡಿಗೆ, ಇವಾವುದೂ ಈ ಲೆಕ್ಕದಲ್ಲಿ ಇನ್ನೂ ಸೇರಿಲ್ಲ.

ಕಡಿಮೆ ಬಿದ್ದ ದುಡ್ಡು ಬರುವುದು ಕೈಸಾಲದಿಂದ. “ನೂರಕ್ಕೆ ಐದು ರೂಪಾಯಿ ಬಡ್ಡಿ” ಎಂದರೆ ಕಡಿಮೆ ಎನಿಸುತ್ತದೆ. ಆದರೆ ಅದು ತಿಂಗಳ ಬಡ್ಡಿ. ವರ್ಷಕ್ಕೆ ಶೇ. 60 ಆಯಿತು. 10,000 ರೂಪಾಯಿ ಸಾಲಕ್ಕೆ ತಿಂಗಳಿಗೆ 500ರಂತೆ ವರ್ಷವಿಡೀ ಬಡ್ಡಿ ಕಟ್ಟಿದರೆ 6,000 ಹೋಗಿರುತ್ತದೆ, ಅಸಲು 10,000 ಹಾಗೆಯೇ ಕೂತಿರುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವ ಬುದ್ಧಿಮಾತು ತಪ್ಪಲ್ಲ. ಆದರೆ ಹಾಸಿಗೆಯೇ ತಿಂಗಳಿಗೊಂದು ಅಳತೆಯಾದರೆ ಕಾಲು ಎಲ್ಲಿಗೆ ಚಾಚಬೇಕೆಂದು ಮೊದಲೇ ಗೊತ್ತಾಗುವುದು ಹೇಗೆ? ಈ ಅನಿಶ್ಚಿತತೆಯೇ ಮನಸ್ಸಿನ ಮೇಲೆ ದೊಡ್ಡ ಭಾರ ಹೊರಿಸುತ್ತದೆ.

ಚಿಂತೆ ತಲೆಯೊಳಗೆ ಜಾಗ ಹಿಡಿಯುತ್ತದೆ

ನಮ್ಮ ಗಮನಕ್ಕೆ ಒಂದು ಮಿತಿ ಇದೆ. ತಲೆಯಲ್ಲಿ “ಶುಕ್ರವಾರದ ಕಂತಿಗೆ ಏನು ಮಾಡುವುದು” ಎಂಬ ಪ್ರಶ್ನೆ ಸುತ್ತುತ್ತಿದ್ದರೆ, ಉಳಿದ ಕೆಲಸಕ್ಕೆ ಸಿಗುವ ಗಮನ ಅಷ್ಟು ಕಡಿಮೆ. ಇದನ್ನು ನಮ್ಮ ಪಕ್ಕದ ರಾಜ್ಯದಲ್ಲೇ ಪರೀಕ್ಷಿಸಿ ನೋಡಿದ್ದಾರೆ.

ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಎಂಬ ಸಂಶೋಧಕರ ಅಧ್ಯಯನ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಒಗಟಿನಂಥ ಪ್ರಶ್ನೆಗಳನ್ನು ಎರಡು ಬಾರಿ ಕೊಟ್ಟರು. ಕಬ್ಬು ಬೆಳೆಗಾರರಿಗೆ ದೊಡ್ಡ ದುಡ್ಡು ಬರುವುದು ಕಟಾವಿನ ನಂತರ. ಅದಕ್ಕೆ ಮೊದಲು ಕೈ ಖಾಲಿ, ಗಿರವಿ, ಸಾಲ. ಕಟಾವಿಗೆ ಮೊದಲು ಪರೀಕ್ಷೆ ಮಾಡಿದಾಗ ಅದೇ ರೈತರು ಕಡಿಮೆ ಸರಿ ಉತ್ತರ ಕೊಟ್ಟರು, ಕಟಾವಿನ ನಂತರ ಹೆಚ್ಚು ಸರಿ ಉತ್ತರ ಕೊಟ್ಟರು. ಮನುಷ್ಯ ಅದೇ, ಬುದ್ಧಿ ಅದೇ. ಬದಲಾದದ್ದು ಕೈಯಲ್ಲಿದ್ದ ಹಣ. ಇಡೀ ರಾತ್ರಿ ನಿದ್ದೆಗೆಟ್ಟರೆ ತಲೆ ಎಷ್ಟು ಮಂಕಾಗುತ್ತದೋ ಹಣದ ಚಿಂತೆಯಿಂದಲೂ ಹೆಚ್ಚುಕಮ್ಮಿ ಅಷ್ಟೇ ಮಂಕಾಗುತ್ತದೆ ಎಂದು ಅವರು ಹೋಲಿಸಿದ್ದರು.

ಈ ಫಲಿತಾಂಶ ಎಲ್ಲ ಕಡೆಯೂ ಹೀಗೆಯೇ ಬಂದಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಕಡಿಮೆ ಆದಾಯದವರನ್ನು ಸಂಬಳದ ದಿನಕ್ಕೆ ಮೊದಲು ಮತ್ತು ನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ “ಬಡತನ ಬಂದರೆ ಬುದ್ಧಿ ಕಡಿಮೆಯಾಗುತ್ತದೆ” ಎಂದು ಯಾರಾದರೂ ಈ ಅಧ್ಯಯನದ ಹೆಸರಿನಲ್ಲಿ ಫಾರ್ವರ್ಡ್ ಮಾಡಿದರೆ ಅದು ತಪ್ಪು ಅರ್ಥ.

ಕಾರ್ಖಾನೆ ಕೆಲಸಕ್ಕೆ ಇನ್ನೂ ಹತ್ತಿರವಾದ ಸಾಕ್ಷ್ಯ ಒಡಿಶಾದಿಂದ ಬಂದಿದೆ. ಸುಪ್ರೀತ್ ಕೌರ್, ಮುಲ್ಲೈನಾಥನ್, ಸುವಾನ್ನಾ ಓಹ್, ಫ್ರಾಂಕ್ ಶಿಲ್‌ಬಾಕ್ ಎಂಬ ಸಂಶೋಧಕರು ಎಲೆಯಿಂದ ಊಟದ ತಟ್ಟೆ ಹೆಣೆಯುವ ಕಾರ್ಮಿಕರನ್ನು ಗಮನಿಸಿದರು. ಎಷ್ಟು ತಟ್ಟೆ ಮಾಡುತ್ತಾರೋ ಅಷ್ಟು ಕೂಲಿ. ಎಲ್ಲರಿಗೂ ಒಟ್ಟು ಕೂಲಿಯ ದರ ಒಂದೇ ಇತ್ತು. ಆದರೆ ಕೆಲವರಿಗೆ ಗಳಿಸಿದ ಹಣದ ಒಂದು ಭಾಗವನ್ನು ಸ್ವಲ್ಪ ದಿನ ಮೊದಲೇ ಕೈಗೆ ಕೊಟ್ಟರು.

ಹಣ ಬೇಗ ಸಿಕ್ಕವರು ಏನು ಮಾಡಿದರು? ತಕ್ಷಣ ಸಾಲ ತೀರಿಸಿದರು, ಮನೆಗೆ ಬೇಕಾದ ಸಾಮಾನು ತಂದರು. ಅದರ ನಂತರದ ದಿನಗಳಲ್ಲಿ ಅವರ ಉತ್ಪಾದನೆ ಸುಮಾರು ಶೇ. 7ರಷ್ಟು ಏರಿತು. ಗಮನ ತಪ್ಪಿ ಆಗುವ ತಪ್ಪುಗಳೂ ಕಡಿಮೆಯಾದವು. ಹೆಚ್ಚು ಕಷ್ಟದಲ್ಲಿದ್ದವರಲ್ಲೇ ಈ ಬದಲಾವಣೆ ಹೆಚ್ಚು ಕಂಡಿತು.

ಗಾರ್ಮೆಂಟ್ಸ್ ಲೈನಿನಲ್ಲಿ ಕೂತವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಾಲರ್ ಹೊಲಿಗೆ ಅರ್ಧ ಇಂಚು ಆಚೆ ಹೋದರೆ ಪೀಸ್ ವಾಪಸ್ ಬರುತ್ತದೆ. ಪೀಸ್ ವಾಪಸ್ ಬಂದರೆ ಟಾರ್ಗೆಟ್ ಹಿಂದೆ ಬೀಳುತ್ತದೆ. ಟಾರ್ಗೆಟ್ ಹಿಂದೆ ಬಿದ್ದರೆ ಸೂಪರ್‌ವೈಸರ್ ಬೈಗುಳ. ಬೈಗುಳದಿಂದ ಕೈ ಇನ್ನಷ್ಟು ನಡುಗುತ್ತದೆ. ಹೊರಗಿನಿಂದ ನೋಡುವವರಿಗೆ ಇದು ಸೋಮಾರಿತನವಾಗಿ ಕಾಣಬಹುದು. ಮೂಲ ಮಾತ್ರ ಇನ್ನೂ ಕಟ್ಟದ ಕಂತಿನಲ್ಲಿರಬಹುದು.

ಚಿಂತೆ ಯಾವಾಗ ಕಾಯಿಲೆಯಾಗುತ್ತದೆ?

ದುಡ್ಡಿನ ಚಿಂತೆ ಇರುವ ಎಲ್ಲರಿಗೂ ಮಾನಸಿಕ ಕಾಯಿಲೆ ಬರುವುದಿಲ್ಲ. ಆದರೆ ಸಾಧ್ಯತೆ ಹೆಚ್ಚುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ಲೇಖನ 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಒಂದೇ ಊರು ಅಥವಾ ಪ್ರದೇಶದಲ್ಲಿ ಅತಿ ಕಡಿಮೆ ಆದಾಯದವರಿಗೆ ಖಿನ್ನತೆ ಅಥವಾ ಆತಂಕದ ಕಾಯಿಲೆ ಇರುವ ಸಾಧ್ಯತೆ ಶ್ರೀಮಂತರಿಗಿಂತ ಒಂದೂವರೆಯಿಂದ ಮೂರು ಪಟ್ಟು ಹೆಚ್ಚು ಎಂದು ಅದು ಹೇಳುತ್ತದೆ. ಅಲ್ಲಿಗೆ “ಎಸಿ ರೂಮಿನವರ ಕಾಯಿಲೆ” ಎಂಬ ಮಾತು ಬಿದ್ದುಹೋಯಿತು.

ಅದೇ ಲೇಖನದ ಇನ್ನೊಂದು ಮುಖ್ಯ ಅಂಶ, ದಾರಿ ಎರಡೂ ಕಡೆಗಿದೆ. ಹಣದ ಕಷ್ಟ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸಿನಿಂದ ಕೆಲಸಕ್ಕೆ ಹೋಗಲಾಗುವುದಿಲ್ಲ, ರಜೆ ಹೆಚ್ಚುತ್ತದೆ, ಸಂಬಳ ಕಡಿತವಾಗುತ್ತದೆ, ಹಣದ ಕಷ್ಟ ಮತ್ತಷ್ಟು ಹೆಚ್ಚುತ್ತದೆ.

ಗುರುತಿಸುವುದು ಹೇಗೆ? ನಮ್ಮಲ್ಲಿ “ನನಗೆ ಖಿನ್ನತೆ” ಎಂದು ಯಾರೂ ಹೇಳಿಕೊಂಡು ಬರುವುದಿಲ್ಲ. ತಲೆನೋವು, ಎದೆ ಹಿಡಿದಂತಾಗುವುದು, ಗ್ಯಾಸ್ಟ್ರಿಕ್, ಸುಸ್ತು, ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು, ಹೀಗೆ ಮೈಯ ದೂರುಗಳೇ ಮೊದಲು ಬರುತ್ತವೆ. ಇವುಗಳಿಗೆ ಬೇರೆ ಕಾರಣವೂ ಇರಬಹುದು, ಹಾಗಾಗಿ ಮೊದಲು ಡಾಕ್ಟರಿಗೆ ತೋರಿಸುವುದು ಸರಿ. ಆದರೆ ಬಹುತೇಕ ದಿನವಿಡೀ ಬೇಸರ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ-ಊಟ ಕೆಡುವುದು, “ನಾನು ಯಾತಕ್ಕೂ ಪ್ರಯೋಜನವಿಲ್ಲ” ಎಂಬ ಭಾವನೆ ಎರಡು ವಾರಕ್ಕೂ ಹೆಚ್ಚು ಮುಂದುವರಿದರೆ ಮನಸ್ಸಿನ ಆರೋಗ್ಯದ ಬಗ್ಗೆಯೂ ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು.

ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಆ ಸಮಯದಲ್ಲಿ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಬೆಂಗಳೂರಿನ ರಸ್ತೆಗಳು ಹೇಳಿದ ಪಾಠ

ಹಣದ ಭದ್ರತೆ ಈ ಕಾರ್ಮಿಕರಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ 2016ರ ಏಪ್ರಿಲ್ 18 ಮತ್ತು 19ರ ಘಟನೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಪಿಎಫ್ ಖಾತೆಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಆ ವರ್ಷ ತಂದಿತ್ತು. ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಕೆಲಸ ಬಿಟ್ಟು ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಬೆಂಗಳೂರಿನ ಸಂಚಾರ ನಿಂತುಹೋಯಿತು. ಕಲ್ಲು ತೂರಾಟ, ಲಾಠಿ ಪ್ರಹಾರವೂ ನಡೆಯಿತು. ಏಪ್ರಿಲ್ 19ರಂದು ಕೇಂದ್ರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

“ಪಿಎಫ್ ಅಂದರೆ ಮುಪ್ಪಿನ ಕಾಲದ ಹಣ, ಈಗಲೇ ಯಾಕೆ ಬೇಕು?” ಎಂದು ಆಗ ಅನೇಕರು ಕೇಳಿದ್ದರು. ತಿಂಗಳಿಗೆ 800 ರೂಪಾಯಿ ಉಳಿಯುವ ಮನೆಗೆ ಪಿಎಫ್ ಒಂದೇ ಉಳಿತಾಯ. ಮಗಳ ಮದುವೆಗೆ, ಗಂಡನ ಆಪರೇಷನ್ನಿಗೆ, ಕೈಸಾಲ ತೀರಿಸಲಿಕ್ಕೆ ಇರುವ ಒಂದೇ ಆಸರೆ ಅದು. ಆ ಬಾಗಿಲಿಗೆ ಬೀಗ ಬೀಳುತ್ತದೆ ಎಂದಾಗ ಹುಟ್ಟಿದ ಭಯವನ್ನು “ಮನಸ್ಸು ಗಟ್ಟಿ ಮಾಡಿಕೊಳ್ಳಿ” ಎಂಬ ಮಾತಿನಿಂದ ಸಮಾಧಾನ ಮಾಡಲು ಆಗುತ್ತಿತ್ತೇ?

ಫಾರ್ವರ್ಡ್‌ಗಳಲ್ಲಿ ಬರುವ ಮಾತುಗಳು, ಒಂದೊಂದಾಗಿ

*“ದುಡ್ಡು ಕೊಟ್ಟರೆ ಕುಡಿದು, ಷೋಕಿ ಮಾಡಿ ಹಾಳು ಮಾಡುತ್ತಾರೆ.”*
ತಪ್ಪು. ಒಡಿಶಾದಲ್ಲಿ ಹಣ ಹೋದದ್ದು ಸಾಲಕ್ಕೆ, ದಿನಸಿಗೆ ಎಂದು ಮೇಲೆ ನೋಡಿದೆವು. ಕೀನ್ಯಾದಲ್ಲಿ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ಹಣ ಕೊಟ್ಟು ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಆ ಕುಟುಂಬಗಳು ಊಟಕ್ಕೆ ಹೆಚ್ಚು ಖರ್ಚು ಮಾಡಿದವು. ಮದ್ಯ, ತಂಬಾಕಿನ ಖರ್ಚು ಏರಲಿಲ್ಲ. ಜನರ ಮನಸ್ಸಿನ ನೆಮ್ಮದಿಯೂ ಸುಧಾರಿಸಿತು.

*“ಯೋಗ, ಧ್ಯಾನ ಮಾಡಿಸಿದರೆ ಸಾಕು.”*
ಅರ್ಧ ಸತ್ಯ. ಇವು ಕೆಲವರಿಗೆ ಸಮಾಧಾನ ಕೊಡಬಹುದು. ಆದರೆ ಸಂಬಳ ತಡವಾಗುವುದನ್ನು, ಬಡ್ಡಿ ಬೆಳೆಯುವುದನ್ನು ಧ್ಯಾನ ತಡೆಯುವುದಿಲ್ಲ.

*“ದುಡ್ಡು ಸಿಕ್ಕರೆ ಡಿಪ್ರೆಶನ್ ತಾನಾಗಿ ಹೋಗುತ್ತದೆ, ಡಾಕ್ಟರ್ ಬೇಕಿಲ್ಲ.”*
ಇದೂ ಅರ್ಧ ಸತ್ಯ. ಹಣದ ಒತ್ತಡ ಇಳಿದರೆ ಅನೇಕರಿಗೆ ಹಗುರವಾಗುತ್ತದೆ. ಕಾಯಿಲೆಯ ಹಂತಕ್ಕೆ ಹೋದ ಖಿನ್ನತೆಗೆ ಆಪ್ತಸಮಾಲೋಚನೆ, ಕೆಲವೊಮ್ಮೆ ಔಷಧಿ ಬೇಕೇ ಬೇಕು. ಎರಡು ದಾರಿಯ ಸಮಸ್ಯೆಗೆ ಎರಡೂ ಕಡೆಯಿಂದ ಪರಿಹಾರ ಬೇಕು.

*“ಸರ್ಕಾರ ಎಲ್ಲ ಸಂಘದ ಸಾಲ ಮನ್ನಾ ಮಾಡಿದೆ, ಇನ್ನು ಕಟ್ಟಬೇಡಿ.”*
ದಾರಿ ತಪ್ಪಿಸುವ ಮಾತು. ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಕಿರು ಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ಬಂತು, ನಂತರ ಅದು ಕಾಯ್ದೆಯಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅದರಲ್ಲಿದೆ. ಸಾಲ ತೀರಿದಂತೆ ಎಂದು ಅದು ಹೇಳುವುದು ನೋಂದಣಿ ಇಲ್ಲದ ಸಂಸ್ಥೆಗಳು ದುರ್ಬಲ ವರ್ಗದವರಿಗೆ ಕೊಟ್ಟ ಸಾಲದ ಬಗ್ಗೆ. ಬ್ಯಾಂಕ್ ಅಥವಾ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಹಾಗೆಯೇ ಇರುತ್ತದೆ. ಈ ಫಾರ್ವರ್ಡ್ ನಂಬಿ ಕಂತು ನಿಲ್ಲಿಸಿದರೆ ಸಾಲ ಬೆಳೆಯುವುದಷ್ಟೇ ಅಲ್ಲ, ಮುಂದೆ ಸಾಲ ಸಿಗುವುದೂ ಕಷ್ಟವಾಗುತ್ತದೆ.

ಕಾರ್ಖಾನೆಗಳು ಏನು ಮಾಡಬಹುದು?

ಮೊದಲನೆಯದು, ಸಂಬಳ ಸಮಯಕ್ಕೆ ಸರಿಯಾಗಿ ಕೊಡುವುದು. ವೇತನ ಸಂಹಿತೆ 2019ರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಿಗಬೇಕು. ಓಟಿ ಮಾಡಿಸಿದರೆ ಮಾಮೂಲಿ ದರದ ಎರಡು ಪಟ್ಟು ಕೊಡಬೇಕು. ಒಡಿಶಾದ ಅಧ್ಯಯನ ನೆನಪಿಸಿಕೊಂಡರೆ, ಸಮಯಕ್ಕೆ ಕೊಟ್ಟ ಸಂಬಳದಿಂದ ಕಂಪನಿಗೂ ಲಾಭವೇ.

ಎರಡನೆಯದು, ಕಾರ್ಮಿಕರ ಮಾತು ಕೇಳುವುದು. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ಕರ್ನಾಟಕದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲೇ ಒಂದು ಪ್ರಯೋಗ ಮಾಡಿದ್ದರು. ನಿರೀಕ್ಷೆಗಿಂತ ಕಡಿಮೆ ಸಂಬಳ ಏರಿಕೆಯಾದ ಮೇಲೆ ಕೆಲವು ಕಾರ್ಮಿಕರಿಗೆ ಹೆಸರು ಬಹಿರಂಗವಾಗದಂತೆ ಅಭಿಪ್ರಾಯ ಹೇಳುವ ಅವಕಾಶ ಕೊಟ್ಟರು. ಹೀಗೆ ಹೇಳಿಕೊಳ್ಳಲು ಅವಕಾಶ ಸಿಕ್ಕವರಲ್ಲಿ ಕೆಲಸ ಬಿಟ್ಟು ಹೋದವರು ಕಡಿಮೆ. ಹೆಚ್ಚು ನಿರಾಸೆಯಾಗಿದ್ದವರಲ್ಲಿ ಈ ಪರಿಣಾಮ ಇನ್ನೂ ಸ್ಪಷ್ಟವಾಗಿತ್ತು. ಆದರೆ ಮಾತು ಕೇಳುವುದು ಸಂಬಳ ಏರಿಕೆಗೆ ಬದಲಿ ಎಂದು ಇದರಿಂದ ಅರ್ಥೈಸಿಕೊಳ್ಳಬಾರದು.

ಸರ್ಕಾರದ ಯೋಜನೆಗಳಿಗೂ ಇಲ್ಲಿ ಪಾತ್ರವಿದೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಬಸ್ ಚಾರ್ಜು ಉಳಿದರೆ, ಗೃಹಲಕ್ಷ್ಮಿಯ 2,000 ರೂಪಾಯಿ ಸಿಕ್ಕರೆ, ನಮ್ಮ ಲೆಕ್ಕದ 800 ರೂಪಾಯಿ ಎಷ್ಟಾಗುತ್ತದೆ ಎಂದು ನೀವೇ ಕೂಡಿ ನೋಡಿ. ಒಂದು ಜ್ವರ ಬಂದರೂ ತಿಂಗಳು ಮಗುಚಿ ಬೀಳುವುದಿಲ್ಲ. ಆದರೆ ಆ ಹಣ ಯಾವ ತಿಂಗಳು ಬರುತ್ತದೆ ಎಂಬುದು ಗೊತ್ತಿದ್ದರೆ ಮಾತ್ರ ಅದನ್ನು ನಂಬಿ ಲೆಕ್ಕ ಹಾಕಬಹುದು.

ನೀವು ತಿಳಿದಿರಬೇಕಾದ್ದು

ಸಂಘದ ಸಾಲ: ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲ ಕಿರು ಸಾಲ. ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ನೆಂಟರಿಗೆ ಅಥವಾ ಕೆಲಸದ ಜಾಗದಲ್ಲಿ ಇರುವವರಿಗೆ ಕಿರುಕುಳ ಕೊಡುವುದು ನಿಷಿದ್ಧ. ಮೊದಲು ಸಂಸ್ಥೆಗೇ ಲಿಖಿತ ದೂರು ಕೊಡಿ. ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ಕ್ಕೆ ಕರೆ ಮಾಡಿ ದೂರು ಕೊಡುವ ವಿಧಾನ ಕೇಳಿ. ಬೆದರಿಕೆ ಇದ್ದರೆ ಪೊಲೀಸ್ ಠಾಣೆಗೆ ಹೋಗಿ.

ಸಾಲದ ಆ್ಯಪ್: ಸಂಪರ್ಕ ಪಟ್ಟಿ, ಫೋಟೋ ನೋಡಲು ಅನುಮತಿ ಕೇಳುವ ಆ್ಯಪ್‌ನಿಂದ ದೂರವಿರಿ. ಫೋಟೋ ತಿರುಚಿ ಹೆದರಿಸಿದರೆ, ವಂಚನೆಯಾದರೆ 1930ಕ್ಕೆ ಕರೆ ಮಾಡಿ.

ಇಎಸ್‌ಐ: ಕಾರ್ಡ್ ಇದ್ದವರಿಗೂ ಅವಲಂಬಿತರಿಗೂ ಚಿಕಿತ್ಸೆ ಉಚಿತ. ಅಗತ್ಯವಿರುವಷ್ಟು ದಿನ ಕಂತು ಕಟ್ಟಿದ್ದರೆ, ಡಾಕ್ಟರು ರಜೆ ಬರೆದುಕೊಟ್ಟಾಗ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70ರಷ್ಟು ಹಣ ಸಿಗುತ್ತದೆ. ಸಂಬಳದಿಂದ ನೀವು ಕಟ್ಟುತ್ತಿರುವ ಹಣದ ಫಲ ಇದು, ಕೇಳಲು ಸಂಕೋಚ ಬೇಡ.

ಕಾನೂನು ನೆರವು: 15100ಕ್ಕೆ ಕರೆ ಮಾಡಿದರೆ ಉಚಿತ ಕಾನೂನು ಸಲಹೆಯ ಮಾಹಿತಿ ಸಿಗುತ್ತದೆ.

ಟೆಲಿ ಮಾನಸ್ 14416: 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿ ಹಗಲು-ರಾತ್ರಿ ಕೆಲಸ ಮಾಡುತ್ತದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು. “ಅಲ್ಲಿಗೆ ಫೋನ್ ಮಾಡಿದರೆ ಹುಚ್ಚ ಅಂತ ಬರೆದುಕೊಳ್ಳುತ್ತಾರೆ, ಪೊಲೀಸರಿಗೆ ಹೇಳುತ್ತಾರೆ” ಎಂದು ಹೆದರುವವರಿದ್ದಾರೆ. ಇದು ಆರೋಗ್ಯ ಇಲಾಖೆಯ ಸೇವೆ, ಮನಸ್ಸಿನ ಕಷ್ಟ ಕೇಳಿ ದಾರಿ ತೋರಿಸಲೆಂದೇ ಇರುವುದು. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕಾಣಬಹುದು.

ಪಕ್ಕದ ಮಿಷನ್ನಿನಲ್ಲಿ ಕೂತವರು ಮಂಕಾಗಿದ್ದರೆ

“ಧೈರ್ಯವಾಗಿರು” ಎಂದು ಹೇಳಿ ಮುಗಿಸಬೇಡಿ. “ಯಾಕಕ್ಕ, ನಾಲ್ಕು ದಿನದಿಂದ ಊಟಾನೇ ಸರಿಯಾಗಿ ಮಾಡ್ತಿಲ್ಲ, ಏನಾಯ್ತು?” ಎಂದು ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ಸಾಲದ ವಿಷಯ ಬಂದರೆ ಎಷ್ಟು, ಯಾರಿಗೆ, ಬಡ್ಡಿ ಎಷ್ಟು ಎಂದು ಇಬ್ಬರೂ ಕೂತು ಒಂದು ಹಾಳೆಯಲ್ಲಿ ಬರೆಯಿರಿ. ತಲೆಯಲ್ಲಿ ಸುತ್ತುವ ಸಾಲಕ್ಕಿಂತ ಹಾಳೆಯ ಮೇಲಿನ ಸಾಲವನ್ನು ನಿಭಾಯಿಸುವುದು ಸುಲಭ. ಹೆಚ್ಚು ಬಡ್ಡಿಯ ಕೈಸಾಲವನ್ನು ಮೊದಲು ತೀರಿಸುವ ದಾರಿ ಹುಡುಕಿ.

“ನಾನಿಲ್ಲದಿದ್ದರೇ ಮನೆಯವರಿಗೆ ಒಳ್ಳೆಯದು” ಎಂಬಂಥ ಮಾತು ಅವರ ಬಾಯಿಂದ ಬಂದರೆ ಅದನ್ನು ತಮಾಷೆ ಎಂದುಕೊಳ್ಳಬೇಡಿ. ಒಬ್ಬರನ್ನೇ ಬಿಡಬೇಡಿ. ಮನೆಯವರಿಗೆ ತಿಳಿಸಿ, ಅವರ ಜೊತೆ ಕೂತು 14416ಕ್ಕೆ ನೀವೇ ಕರೆ ಮಾಡಿ. ಪ್ರಾಣಕ್ಕೆ ಅಪಾಯ ಎನಿಸಿದರೆ 112ಕ್ಕೆ ಕರೆ ಮಾಡಿ ಅಥವಾ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮುಂದೆ “ಟೆನ್ಷನ್ ದುಡ್ಡಿದ್ದವರ ಕಾಯಿಲೆ” ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲೇ ಈ ತಿಂಗಳ ಕಂತಿನ ಚಿಂತೆಯಲ್ಲಿರುವ ಯಾರೋ ಅದನ್ನು ಓದಿ, ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಳ್ಳಬಹುದು. ಅದರ ಬದಲು 14416, 14448, 1930 ಈ ಮೂರು ನಂಬರುಗಳನ್ನು, ಯಾವುದು ಯಾತಕ್ಕೆ ಎಂದು ಬರೆದು ಕಳಿಸಿ.